ನಿಂತ ಶೋಧಕ, ನಿಲ್ಲದ ಜಾಲ

ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳ ಪೈಕಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕನ್ನು ಕೂಡಿಸಿ ಶಿಕ್ಷಣ ಇಲಾಖೆಯು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂಬ ಪ್ರತ್ಯೇಕ ಘಟಕವನ್ನು ಏರ್ಪಡಿಸಿರುವುದು ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯನ್ನು ನೋಡುವವರೆಲ್ಲರೂ ಬಲ್ಲ ಸಂಗತಿ. ಮುಗಿಲನ್ನು ನಂಬಿ ರಾಗಿ, ಕಡಲೆಕಾಯಿಗಳನ್ನು ಬಿತ್ತುವ, ಕೆರೆ ಕೋಡಿ ಬಿದ್ದ ವರ್ಷವನ್ನು ಬಹುಕಾಲ ನೆನೆಯುವ ಈ ಬಯಲುಸೀಮೆಯಲ್ಲಿ, ಶಿರಾ ತಾಲ್ಲೂಕಿನ ಐದು ಹೋಬಳಿಗಳಲ್ಲೊಂದಾದ ಗೌಡಗೆರೆಯ ಹುಡುಗನೋ ಹುಡುಗಿಯೋ ಇಂದು ಗಣಕಯಂತ್ರದ ಮುಂದೆ ಕುಳಿತರೆ, ಬೆಂಗಳೂರಿನ ಮಗುವಿಗೆ ತೆರೆಯುವ ಪುಟಗಳೇ ಅವರಿಗೂ ತೆರೆಯುತ್ತವೆ. ದೂರದ ಹೋಬಳಿಗೂ ರಾಜಧಾನಿಗೂ ನಡುವಣ ಅಂತರವನ್ನು ಇಷ್ಟು ಶೀಘ್ರವಾಗಿ ತಗ್ಗಿಸಿದ ಸಾಧನ ಇನ್ನೊಂದಿಲ್ಲ.

ಈ ಸಮಾನತೆ ತಾನಾಗಿ ಒದಗಿದುದಲ್ಲ. ಈ ಶತಮಾನದ ಆದಿಯಲ್ಲಿ ‘ಮಾಹಿತಿ ಸಿಂಧು’ ಎಂಬ ಯೋಜನೆಯು ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ಕಳುಹಿಸಲು ಮೊದಲುಮಾಡಿತು. ಅದರ ತರುವಾಯ ಬಂದ ಯೋಜನೆಗಳ ಸಾಲಿನಲ್ಲಿ 2016-17ರಿಂದ ತಂತ್ರಜ್ಞಾನ ನೆರವಿನ ಕಲಿಕಾ ಕಾರ್ಯಕ್ರಮವು ಉಪಾಧ್ಯಾಯರಿಗೂ ತರಬೇತಿಯನ್ನಿತ್ತು ಪಾಠದ ಕೊಠಡಿಗೆ ಅಂತರ್ಜಾಲವನ್ನು ತಂದಿತು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆಯಿತ್ತು, ಮುಂದೆ ಭಾರತ್‌ನೆಟ್ ಎಂಬ ಹೆಸರನ್ನು ಪಡೆದ ಯೋಜನೆಯು ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಬೆಳಕಿನ ತಂತಿಯನ್ನು (ಆಪ್ಟಿಕಲ್ ಫೈಬರ್) ಎಳೆಯುವ ಸಂಕಲ್ಪವನ್ನು ತೊಟ್ಟಿತು. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ನೆರಳಿನಲ್ಲಿ ಬೆಳೆದ ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್‌ರಾಜ್ ಇಲಾಖೆಯ ಕೈಗೆ ಬಂದು, 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಮಕ್ಕಳನ್ನು ಕರೆದು, ಈಗ ‘ಅರಿವು ಕೇಂದ್ರ’ಗಳೆಂಬ ಹೆಸರಿನಲ್ಲಿ ಪುಸ್ತಕದೊಡನೆ ಗಣಕಯಂತ್ರವನ್ನೂ ಇಟ್ಟುಕೊಂಡಿವೆ. ಇಷ್ಟೆಲ್ಲ ಪ್ರಯತ್ನದ ಫಲವನ್ನು ಮಗುವಿನ ಮೇಜಿನ ಮೇಲೆ ಕಾಣುವಾಗ ಸಂತೋಷವಾಗುವುದು ಸಹಜ. ಆ ಸಂತೋಷದ ಹಿಂದೆಯೇ ಹಿರಿಯರ ಮನಸ್ಸಿನಲ್ಲಿ ಒಂದು ಆತಂಕ ಮೂಡುವುದೂ ಅಷ್ಟೇ ಸಹಜ. ಜ್ಞಾನವು ಹರಿದುಬರುವ ದಾರಿಯಲ್ಲೇ ಮಗುವಿಗೆ ಸಲ್ಲದ ಅಶ್ಲೀಲ ಚಿತ್ರ, ಜೂಜಿನ ಆಮಿಷ, ಹಿಂಸೆಯ ದೃಶ್ಯ, ವಂಚಕರ ಬಲೆ ಇವೂ ಹರಿದುಬರುತ್ತವೆ.

ಈ ಆತಂಕಕ್ಕೆ ಯಂತ್ರಶಾಸ್ತ್ರವು ಒದಗಿಸಿದ ಉತ್ತರಗಳಲ್ಲೊಂದು ವಿಷಯ ಶೋಧಕ. ಬಳಕೆಯ ಮಾತಿನಲ್ಲಿ ಫಿಲ್ಟರ್. ಶಾಲೆಗೆ ಫಿಲ್ಟರ್ ಹಾಕಿಸಿದ್ದೇವೆ ಎಂಬ ಮಾತನ್ನು ಹೇಳಿ ಆಡಳಿತದವರು ನಿರಾಳರಾಗುತ್ತಾರೆ. ಕೇಳಿದ ತಂದೆತಾಯಿಗಳೂ ನಿರಾಳರಾಗುತ್ತಾರೆ. ಆದರೆ ಹಾಕಿಸಿದ ಶೋಧಕವು ಈ ದಿನ, ಈ ಗಳಿಗೆಯಲ್ಲಿ ಕೆಲಸಮಾಡುತ್ತಿದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಶೋಧಕವಿಲ್ಲದ ಕೊಠಡಿಯಲ್ಲಿ ಉಪಾಧ್ಯಾಯರ ಕಣ್ಣಾದರೂ ಎಚ್ಚರವಾಗಿರುತ್ತದೆ. ಸತ್ತ ಶೋಧಕವನ್ನು ನಂಬಿದ ಕೊಠಡಿಯಲ್ಲಿ ಆ ಕಣ್ಣೂ ವಿಶ್ರಮಿಸಿರುತ್ತದೆ. ಆದುದರಿಂದ ಶೋಧಕವನ್ನು ಸ್ಥಾಪಿಸುವುದು ಎಷ್ಟು ಮುಖ್ಯವೋ, ಅದು ದುಡಿಯುತ್ತಿದೆಯೇ ಎಂಬುದನ್ನು ಬಿಡದೆ ಪರೀಕ್ಷಿಸುವುದು ಅದಕ್ಕಿಂತಲೂ ಮುಖ್ಯ ಎಂಬುದು ಈ ಲೇಖನದ ಅಭಿಪ್ರಾಯ.

ಶೋಧಕದ ಕಾರ್ಯವಿಧಾನವನ್ನು ತಿಳಿಯಬೇಕಾದರೆ ಪ್ರಾಕ್ಸಿ ಎಂಬ ಮಧ್ಯವರ್ತಿಯನ್ನು ಮೊದಲು ತಿಳಿಯಬೇಕು. ಕೊಠಡಿಯ ಗಣಕಯಂತ್ರಗಳು ಒಂದೊಂದೂ ನೇರವಾಗಿ ಹೊರಗಿನ ಜಾಲವನ್ನು ಸಂಪರ್ಕಿಸುವ ಬದಲು, ತಮಗೆ ಬೇಕಾದ ಪುಟವನ್ನು ಕಟ್ಟಡದೊಳಗಣ ಒಂದು ಯಂತ್ರದಲ್ಲಿ ಕೇಳುತ್ತವೆ. ಆ ಯಂತ್ರವು ಪುಟವನ್ನು ಹೊರಗಿನಿಂದ ತರಿಸಿ ಕೇಳಿದವರಿಗೆ ಒಪ್ಪಿಸುತ್ತದೆ. ಈ ಕೆಲಸಕ್ಕೆ ಪ್ರಸಿದ್ಧವಾದ ತಂತ್ರಾಂಶ ಸ್ಕ್ವಿಡ್. ಅಮೆರಿಕದಲ್ಲಿ ಹಾರ್ವೆಸ್ಟ್ ಎಂಬ ಸಂಶೋಧನ ಯೋಜನೆಯಿಂದ ಕವಲೊಡೆದು, 1996ರಲ್ಲಿ ಡ್ವೇನ್ ವೆಸೆಲ್ಸ್ ಎಂಬುವರ ನೇತೃತ್ವದಲ್ಲಿ ಹೊರಬಂದ ಈ ಮುಕ್ತ ತಂತ್ರಾಂಶವು ಒಮ್ಮೆ ತಂದ ಪುಟವನ್ನು ತನ್ನಲ್ಲಿ ಉಳಿಸಿಕೊಂಡು ಎರಡನೆಯ ಸಲ ಕೇಳಿದವರಿಗೆ ಅಲ್ಲಿಂದಲೇ ಕೊಡುವುದರಿಂದ, ಸಂಪರ್ಕವು ಮಂದವಾಗಿರುವ ಹಳ್ಳಿಯ ಶಾಲೆಗೆ ಇಂಥ ಏರ್ಪಾಡು ಮಿತವ್ಯಯದ ದೃಷ್ಟಿಯಿಂದಲೂ ಉಪಯುಕ್ತ. ಕೊಠಡಿಯ ಎಲ್ಲ ಬೇಡಿಕೆಗಳೂ ಒಂದೇ ಬಾಗಿಲನ್ನು ಹಾಯುವಾಗ ಆ ಬಾಗಿಲಿನಲ್ಲಿಯೇ ಯೋಗ್ಯ ಯಾವುದು, ಅಯೋಗ್ಯ ಯಾವುದು ಎಂದು ವಿಂಗಡಿಸುವ ಇನ್ನೊಂದು ತಂತ್ರಾಂಶವನ್ನು ಕೂರಿಸುವುದು ಸುಲಭವಾಯಿತು.

ಆ ವಿಂಗಡಣೆಯಲ್ಲಿ ಎರಡು ಬಗೆಗಳುಂಟು. ಮೊದಲನೆಯದು ವಿಳಾಸದ ಪಟ್ಟಿ: ನಿಷಿದ್ಧ ತಾಣಗಳ ಹೆಸರುಗಳನ್ನು ಬರೆದಿಟ್ಟುಕೊಂಡು, ಕೇಳಿದ ವಿಳಾಸವು ಅದರಲ್ಲಿದ್ದರೆ ನಿರಾಕರಿಸುವುದು. ಎರಡನೆಯದು ಪುಟದ ಒಳಗನ್ನೇ ಓದಿ ತೂಗುವುದು. ಇಂಗ್ಲೆಂಡಿನ ಡೇನಿಯಲ್ ಬ್ಯಾರನ್ ರಚಿಸಿದ ಡಾನ್ಸ್‌ಗಾರ್ಡಿಯನ್ ಎಂಬ ಶೋಧಕವು ಈ ಎರಡನೆಯ ಮಾರ್ಗಕ್ಕೆ ಹೆಸರಾದದ್ದು. ಅದರ ಬೆಳವಣಿಗೆ ನಿಂತ ಮೇಲೆ ಇ2ಗಾರ್ಡಿಯನ್ ಎಂಬ ಉತ್ತರಾಧಿಕಾರಿಯು ಆ ಕೆಲಸವನ್ನು ಮುಂದುವರಿಸಿದೆ. ಡಾನ್ಸ್‌ಗಾರ್ಡಿಯನ್ ಪುಟದಲ್ಲಿ ಬರುವ ಪದಗುಚ್ಛಗಳಿಗೆ ಒಂದೊಂದು ಅಂಕವನ್ನಿಟ್ಟು, ಕೆಟ್ಟ ಪದಗಳಿಗೆ ಕೂಡಿಸುತ್ತ, ವೈದ್ಯಕೀಯ ಅಥವಾ ಶೈಕ್ಷಣಿಕ ಪದಗಳಿಗೆ ಕಳೆಯುತ್ತ ಹೋಗಿ, ಮೊತ್ತವು ಗೊತ್ತುಪಡಿಸಿದ ಮಿತಿಯನ್ನು ಮೀರಿದರೆ ಪುಟವನ್ನು ತಡೆಯುತ್ತದೆ. ಚಿಕ್ಕ ಮಕ್ಕಳಿಗೆ 50, ಬೆಳೆದ ಮಕ್ಕಳಿಗೆ 100, ತಾರುಣ್ಯಕ್ಕೆ ಕಾಲಿಟ್ಟವರಿಗೆ 160 ಎಂಬ ಮಿತಿಗಳನ್ನು ಅದರ ಕರ್ತೃವೇ ಸೂಚಿಸಿದ್ದುಂಟು. ವಾಡಿಕೆಯ ಏರ್ಪಾಡಿನಲ್ಲಿ ವಿದ್ಯಾರ್ಥಿಯ ಬ್ರೌಸರ್ 8080 ಎಂಬ ಸಂಖ್ಯೆಯ ಪೋರ್ಟಿನಲ್ಲಿ, ಅಂದರೆ ಯಂತ್ರದ ಆ ಸಂಖ್ಯೆಯ ಬಾಗಿಲಿನಲ್ಲಿ, ಶೋಧಕವನ್ನು ಕೇಳುತ್ತದೆ. ಶೋಧಕವು 3128 ಎಂಬ ಪೋರ್ಟಿನಲ್ಲಿ ಸ್ಕ್ವಿಡ್ಡನ್ನು ಕೇಳುತ್ತದೆ. ಸ್ಕ್ವಿಡ್ ಹೊರಗಿನ ಜಾಲವನ್ನು ಕೇಳುತ್ತದೆ. ಉತ್ತರವು ಅದೇ ಹಾದಿಯಲ್ಲಿ ಹಿಂದಿರುಗಿ, ಶೋಧಕದ ತಕ್ಕಡಿಯನ್ನು ಹಾಯ್ದು ಮಗುವನ್ನು ಮುಟ್ಟುತ್ತದೆ.

ಈ ಎರಡು ಸಂಖ್ಯೆಗಳನ್ನು ಓದುಗರು ನೆನಪಿನಲ್ಲಿಡಬೇಕು. ಏಕೆಂದರೆ ಬಹಳ ಸಾಮಾನ್ಯವಾದ ಒಂದು ಅನಾಹುತವು ಇವುಗಳ ನಡುವೆಯೇ ನಡೆಯುತ್ತದೆ. ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಶನಿವಾರ ರಾತ್ರಿ ವಿದ್ಯುತ್ತು ಹೋಯಿತೆಂದು ಭಾವಿಸೋಣ. ಬ್ಯಾಟರಿ ಬರಿದಾಗಿ ಪ್ರಾಕ್ಸಿ ಯಂತ್ರವು ಕ್ರಮವಾಗಿ ಮುಚ್ಚಿಕೊಳ್ಳದೆ ಥಟ್ಟನೆ ಆರಿತು. ಸೋಮವಾರ ಬೆಳಗ್ಗೆ ವಿದ್ಯುತ್ತು ಬಂದು ಯಂತ್ರ ಏಳುತ್ತದೆ. ಸ್ಕ್ವಿಡ್ ತನ್ನ ಸಂಗ್ರಹದ ಸೂಚಿಯನ್ನು ಮತ್ತೆ ಜೋಡಿಸಿಕೊಂಡು ನಿಧಾನವಾಗಿ ಸಿದ್ಧವಾಗುತ್ತದೆ. ಶೋಧಕವು ಯಾವುದೋ ಕಡತ ಕೆಟ್ಟಿರುವ ಕಾರಣದಿಂದ ಏಳದೆ ಉಳಿಯುತ್ತದೆ. ಮಕ್ಕಳು ಬಂದು ಕುಳಿತಾಗ ಒಂದು ಪುಟವೂ ತೆರೆಯುವುದಿಲ್ಲ, 8080ರಲ್ಲಿ ಉತ್ತರಕೊಡುವವರಿಲ್ಲ. ಇದು ವಾಸ್ತವವಾಗಿ ಸುರಕ್ಷಿತವಾದ ಸಾವು: ಶೋಧಕವು ಹೋಯಿತು, ಅದರೊಡನೆ ದಾರಿಯೂ ಮುಚ್ಚಿತು. ಆದರೆ ಪಾಠದ ಅವಧಿ ನಲವತ್ತೇ ನಿಮಿಷ, ಪಾಠ ಮುಗಿಯಬೇಕು. ಆಗ ಅಷ್ಟಿಷ್ಟು ತಿಳಿದ ಯಾರೋ ಒಬ್ಬರು ಬ್ರೌಸರಿನ ಸಿದ್ಧತೆಯನ್ನು ತೆರೆದು 8080 ಎಂಬುದನ್ನು ಅಳಿಸಿ 3128 ಎಂದು ಬರೆಯುತ್ತಾರೆ. ಒಡನೆಯೇ ಎಲ್ಲವೂ ತೆರೆಯುತ್ತದೆ. ಕೊಠಡಿಯಲ್ಲಿ ನೆಮ್ಮದಿ, ಉಪಾಧ್ಯಾಯರ ಮುಖದಲ್ಲಿ ಕೃತಜ್ಞತೆ. ಮಾರನೆಯ ದಿನ ಶೋಧಕವನ್ನು ಯಾರಾದರೂ ಸರಿಪಡಿಸಿದರೂ ಬ್ರೌಸರ್ ಹಳೆಯ ಸಂಖ್ಯೆಗೆ ಮರಳುವುದಿಲ್ಲ. ಶೋಧಕವು ಜೀವಂತವಾಗಿ, ಆರೋಗ್ಯವಾಗಿ, ಯಾರೂ ಹಾಯದ ಬಾಗಿಲಿನಲ್ಲಿ ವರ್ಷಗಟ್ಟಲೆ ಕುಳಿತಿರುತ್ತದೆ. ಇಲ್ಲಿ ದುರುದ್ದೇಶದವರು ಒಬ್ಬರೂ ಇಲ್ಲ. ಕೆಲಸ ನಡೆಯಲೆಂಬ ಸದುದ್ದೇಶವೇ ಮಕ್ಕಳನ್ನು ಅರಕ್ಷಿತರನ್ನಾಗಿ ಮಾಡಿತು. ಶೋಧಕವನ್ನು ಬಿಟ್ಟು ಬೇರೆ ಯಾರೂ ಸ್ಕ್ವಿಡ್ಡನ್ನು ನೇರವಾಗಿ ಮುಟ್ಟದಂತೆ 3128ನ್ನು ಒಳಗಿನಿಂದ ಮುಚ್ಚಿರಬೇಕೆಂಬ ಎಚ್ಚರವೊಂದಿದ್ದಿದ್ದರೆ ಈ ಅನರ್ಥಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ಎರಡನೆಯ ಬಗೆಯ ಸಾವು ಉಂಟು. ಅದರಲ್ಲಿ ಏನೂ ನಿಲ್ಲುವುದಿಲ್ಲ, ಏನೂ ಕೆಟ್ಟಂತೆ ಕಾಣುವುದಿಲ್ಲ. ಸ್ಕ್ವಿಡ್‌ಗಾರ್ಡ್ ಎಂಬ ಶೋಧಕವು ನಿಷಿದ್ಧ ತಾಣಗಳ ಪಟ್ಟಿಯನ್ನು ವೇಗವಾಗಿ ಹುಡುಕಲು ಬರುವ ಒಂದು ದತ್ತಕೋಶವಾಗಿ ಮಾರ್ಪಡಿಸಿ ಇಟ್ಟುಕೊಳ್ಳುತ್ತದೆ. ಆ ಕೋಶವು ಸಿಕ್ಕದಿದ್ದರೆ, ಅಥವಾ ಅದನ್ನು ಓದುವ ಅಧಿಕಾರ ತನಗೆ ಇಲ್ಲದೆಹೋದರೆ, ಅದು ನಿಲ್ಲುವುದಿಲ್ಲ. ತುರ್ತು ಸ್ಥಿತಿಗೆ ಹೋಗುತ್ತಿದ್ದೇನೆ ಎಂಬ ಅರ್ಥದ ಒಂದು ಸಾಲನ್ನು ತನ್ನ ದಿನಚರಿಯಲ್ಲಿ ಬರೆದು, ಅಂದಿನಿಂದ ಬಂದ ಬೇಡಿಕೆಗಳನ್ನೆಲ್ಲ ಪ್ರಶ್ನಿಸದೆ ಬಿಟ್ಟುಕೊಡುತ್ತದೆ. ಪಟ್ಟಿಯನ್ನು ಹೊಸದಾಗಿಸಿದ ದಿನವೇ ಇದು ಘಟಿಸುವ ಸಂಭವ ಹೆಚ್ಚೆಂಬುದು ಈ ವಿಷಯದ ಖೇದಕರವಾದ ಅಂಶ. ನಿರ್ವಾಹಕನು ಯಂತ್ರದ ಸರ್ವಾಧಿಕಾರಿಯ ಹೆಸರಿನಲ್ಲಿ ಪ್ರವೇಶಿಸಿ, ಶ್ರದ್ಧೆಯಿಂದ ಹೊಸ ಪಟ್ಟಿಯನ್ನು ತಂದು ಕೋಶವನ್ನು ಕಟ್ಟುತ್ತಾನೆ. ಹಾಗೆ ಕಟ್ಟಿದ ಕೋಶವು ಆ ಸರ್ವಾಧಿಕಾರಿಯ ಸ್ವತ್ತಾಗಿಬಿಡುತ್ತದೆ. ಅಲ್ಪಾಧಿಕಾರದ ಹೆಸರಿನಲ್ಲಿ ಓಡುವ ಶೋಧಕಕ್ಕೆ ಅದನ್ನು ತೆರೆಯುವ ಹಕ್ಕಿರುವುದಿಲ್ಲ. ರಕ್ಷಣೆಯನ್ನು ಬಲಪಡಿಸಲು ಮಾಡಿದ ಕೆಲಸವೇ ರಕ್ಷಣೆಯನ್ನು ಕಳಚಿಹಾಕಿದಂತಾಯಿತು. ಯಂತ್ರದಲ್ಲಿ ಓಡುತ್ತಿರುವ ಕಾರ್ಯಗಳ ಪಟ್ಟಿಯಲ್ಲಿ ಮಾತ್ರ ಶೋಧಕದ ಹೆಸರು ಎಂದಿನಂತೆ ಇದ್ದೇ ಇರುತ್ತದೆ. ಪ್ರಾಕ್ಸಿಗೂ ಶೋಧಕಕ್ಕೂ ನಡುವೆ ಐಕ್ಯಾಪ್ ಎಂಬ ಸಂವಾದ ನಿಯಮವನ್ನು ಬಳಸುವ ಏರ್ಪಾಡುಗಳಲ್ಲಿಯೂ, ಶೋಧಕವು ಉತ್ತರಿಸದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗು ಎಂದು ಸ್ಕ್ವಿಡ್ಡಿಗೆ ಹೇಳಿಡಲು ಒಂದು ಅನುಕೂಲವಿದೆ; ಅದನ್ನು ಯಾರಾದರೂ ತೆರೆದಿಟ್ಟಿದ್ದರೆ ಶೋಧಕದ ಮರಣವಾರ್ತೆಯು ಬಳಕೆದಾರರಿಗೆ ತಿಳಿಯುವ ಬಗೆಯೇ ಇಲ್ಲ.

ಕಾರಣಗಳು ಇನ್ನೂ ಇವೆ. ದಿನಚರಿಯ ಕಡತಗಳು ಬೆಳೆದು ಡಿಸ್ಕ್ ತುಂಬಿಹೋಗುವುದು, ಸ್ಮರಣಶಕ್ತಿ ಸಾಲದೆ ಯಂತ್ರವೇ ಶೋಧಕವನ್ನು ಕೊಂದುಹಾಕುವುದು, ಹಣಕೊಟ್ಟು ಪಡೆದ ಶೋಧಕದ ವಾರ್ಷಿಕ ಪರವಾನಗಿ ತೀರಿ ಪಟ್ಟಿ ಹಳತಾಗುವುದು ಇವೆಲ್ಲ ನಿರ್ವಾಹಕರ ವಲಯದಲ್ಲಿ ನಿತ್ಯದ ಮಾತು. ಇವುಗಳಲ್ಲಿ ಬಹುಪಾಲು ಸದ್ದಿಲ್ಲದೆ ನಡೆಯುತ್ತವೆ. ಜಾಲವು ನಿಂತರೆ ಹತ್ತು ಮಂದಿ ದೂರು ತರುತ್ತಾರೆ. ಶೋಧಕವು ನಿಂತು ಜಾಲವು ನಿಲ್ಲದಿದ್ದರೆ ದೂರು ತರುವವರು ಒಬ್ಬರೂ ಇಲ್ಲ. ತಡೆದದ್ದಕ್ಕೆ ಸಾಕ್ಷಿಯಿರುತ್ತದೆ, ತಡೆಯದೆ ಬಿಟ್ಟದ್ದಕ್ಕೆ ಇರುವುದಿಲ್ಲ. ಮೇಲ್ವಿಚಾರಣೆಯು ಬೇಕಾಗಿರುವುದು ಈ ಮೌನವನ್ನು ಮುರಿಯುವುದಕ್ಕಾಗಿ.

ಮೇಲ್ವಿಚಾರಣೆಯಲ್ಲಿ ಮೆಟ್ಟಿಲುಗಳಿವೆ. ಮೊದಲನೆಯ ಮೆಟ್ಟಿಲು, ಶೋಧಕವೆಂಬ ಕಾರ್ಯವು ಯಂತ್ರದಲ್ಲಿ ಓಡುತ್ತಿದೆಯೇ ಎಂದು ನೋಡುವುದು. ಪ್ರತಿಯೊಂದು ಕಾರ್ಯಕ್ಕೂ ಯಂತ್ರವು ಒಂದು ಕ್ರಮಸಂಖ್ಯೆಯನ್ನು ಕೊಡುತ್ತದೆ. ಶೋಧಕವು ಏಳುವಾಗ ಆ ಸಂಖ್ಯೆಯನ್ನು ಒಂದು ಪುಟ್ಟ ಕಡತದಲ್ಲಿ ಬರೆದಿಡುವುದು ರೂಢಿ. ಆ ಕಡತವಿದೆಯೇ ಎಂದು ಮಾತ್ರ ನೋಡಿ ತೃಪ್ತರಾಗುವುದು ಅಪಾಯಕರ. ವಿದ್ಯುತ್ತು ಥಟ್ಟನೆ ಹೋದಾಗ ಶೋಧಕವು ಹೋಗಿ ಕಡತವು ಉಳಿದಿರಬಹುದು, ಅದರೊಳಗಿನ ಸಂಖ್ಯೆಯು ಈಗ ಬೇರೆ ಯಾವುದೋ ಕಾರ್ಯಕ್ಕೆ ಸಂದಿರಬಹುದು. ಎರಡನೆಯ ಮೆಟ್ಟಿಲು, 8080ರ ಬಾಗಿಲನ್ನು ತಟ್ಟಿ ಉತ್ತರ ಬರುವುದೇ ಎಂದು ನೋಡುವುದು. ಇದು ಮೊದಲನೆಯದಕ್ಕಿಂತ ಮೇಲು. ಆದರೂ ತುರ್ತು ಸ್ಥಿತಿಗೆ ಹೋಗಿ ಎಲ್ಲವನ್ನೂ ಬಿಟ್ಟುಕೊಡುತ್ತಿರುವ ಶೋಧಕವು ಈ ಪರೀಕ್ಷೆಯಲ್ಲಿ ನಿರಾಯಾಸವಾಗಿ ಉತ್ತೀರ್ಣವಾಗುತ್ತದೆ. ಮೂರನೆಯ ಮೆಟ್ಟಿಲೇ ನಿಜವಾದ ಪರೀಕ್ಷೆ: ತಡೆಯಬೇಕಾದುದನ್ನು ಕೇಳಿ, ಅದು ತಡೆಯಿತೇ ಎಂದು ನೋಡುವುದು.

ನಮ್ಮ ಕೆರೆಯ ಸೀಮೆಯಲ್ಲಿ ಹಿಂದೆ ನೀರುಗಂಟಿಯೆಂಬ ಊರ ಆಯಗಾರನಿದ್ದನು. ತೂಬನ್ನು ಎತ್ತಿ ಇಳಿಸಿ, ಸರದಿಯಂತೆ ಗದ್ದೆಗಳಿಗೆ ನೀರನ್ನು ಹಂಚುವುದು ಅವನ ಕೆಲಸ. ಬಲ್ಲ ನೀರುಗಂಟಿಯು ತೂಬನ್ನು ಎತ್ತಿದೆನೆಂದು ಏರಿಯ ಮೇಲೆಯೇ ನಿಂತು ಮನೆಗೆ ಮರಳುತ್ತಿರಲಿಲ್ಲ; ಕಾಲುವೆಯ ಗುಂಟ ನಡೆದು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಿತೇ, ನಡುವೆ ಮಡೆ ಒಡೆಯಿತೇ ಎಂದು ಕಣ್ಣಾರೆ ಕಂಡ ಮೇಲೆ ಅವನ ಕೆಲಸ ಮುಗಿಯುತ್ತಿತ್ತು. ಶೋಧಕದ ಮೇಲ್ವಿಚಾರಕನೂ ಹಾಗೆಯೇ ಸರ್ವರ್ ಇರುವ ಕೊಠಡಿಯಿಂದಲ್ಲ, ಮಗು ಕೂರುವ ಕಡೆಯ ಮೇಜಿನಿಂದ ಪರೀಕ್ಷಿಸಬೇಕು. ಸರ್ವರಿನ ಮೇಲೆಯೇ ಕುಳಿತು ಪರೀಕ್ಷಿಸಿದರೆ ಆ ಯಂತ್ರವು ಶೋಧಕದ ನಿಯಮಗಳಿಂದ ವಿನಾಯಿತಿ ಪಡೆದಿರಬಹುದು. ಮುಖ್ಯೋಪಾಧ್ಯಾಯರ ಯಂತ್ರಕ್ಕೂ ಅದೇ ವಿನಾಯಿತಿ ಇರಬಹುದು. ವಿದ್ಯಾರ್ಥಿಯ ಯಂತ್ರದಿಂದ, ವಿದ್ಯಾರ್ಥಿಯ ಹೆಸರಿನಲ್ಲಿ, ವಿದ್ಯಾರ್ಥಿಯ ಬ್ರೌಸರಿನಲ್ಲಿರುವ ಸಿದ್ಧತೆಯಿಂದಲೇ ಕೇಳಿದಾಗ ಬರುವ ಉತ್ತರವೊಂದೇ ಪ್ರಮಾಣ. ಸೋಮವಾರದ ಆ ಕೊಠಡಿಯಲ್ಲಿ ಹೀಗೆ ಕೇಳಿದ್ದರೆ 3128ರ ಗುಟ್ಟು ಅಂದೇ ಬಯಲಾಗುತ್ತಿತ್ತು.

ಪರೀಕ್ಷೆಗೆಂದು ನಿಜವಾದ ಅಶ್ಲೀಲ ತಾಣವನ್ನು ಕರೆಯುವುದು ಅನುಚಿತವೂ ಹೌದು, ಅನಾವಶ್ಯಕವೂ ಹೌದು. ಶೋಧಕವು ಸತ್ತಿದ್ದರೆ ಅದೇ ಪುಟ ತೆರೆದು ನಿಲ್ಲುತ್ತದೆ. ವೈರಸ್ ನಿರೋಧಕಗಳನ್ನು ಪರೀಕ್ಷಿಸುವವರು ಈ ತೊಡಕಿಗೆ ಒಂದು ಸೊಗಸಾದ ಪರಿಹಾರವನ್ನು ಬಹಳ ಹಿಂದೆಯೇ ಕಂಡುಕೊಂಡರು. ಯೂರೋಪಿನ ಐಕಾರ್ ಸಂಸ್ಥೆಯು ರೂಪಿಸಿದ, 68 ಅಕ್ಷರಗಳ ಒಂದು ನಿರಪಾಯಕರ ಕಡತವುಂಟು. ಅದರಲ್ಲಿ ವಿಷವಿಲ್ಲ, ಆದರೆ ಅದನ್ನು ಕಂಡೊಡನೆ ವಿಷವೆಂದೇ ಸಾರಬೇಕೆಂದು ನಿರೋಧಕಗಳ ತಯಾರಕರು ತಮ್ಮಲ್ಲಿ ಒಪ್ಪಿಕೊಂಡಿದ್ದಾರೆ. ಶಾಲೆಯೂ ಅದೇ ರೀತಿ ತನ್ನದೇ ಒಂದು ನಿರಪಾಯಕರ ಪುಟವನ್ನು ಹೊರಗಿನ ಜಾಲದಲ್ಲಿ ಇಟ್ಟು, ಅದರ ವಿಳಾಸವನ್ನು ನಿಷಿದ್ಧ ಪಟ್ಟಿಗೆ ಸೇರಿಸಿ, ಪ್ರತಿ ಐದು ನಿಮಿಷಕ್ಕೊಮ್ಮೆ ಒಂದು ಸಣ್ಣ ಕಾರ್ಯಕ್ರಮದಿಂದ ಅದನ್ನು ಕೇಳಿಸಬಹುದು. ಶೋಧಕದ ‘ಈ ಪುಟವನ್ನು ತಡೆಯಲಾಗಿದೆ’ ಎಂಬ ಎಚ್ಚರಿಕೆಯ ಪುಟ ಬಂದರೆ ಕ್ಷೇಮ. ನಿಷಿದ್ಧ ಪುಟವೇ ಬಂದರೆ ಅಪಾಯ. ಉತ್ತರದ ಸಂಕೇತಸಂಖ್ಯೆಯನ್ನಷ್ಟೇ ನೋಡಿದರೆ ಸಾಲದು. ಕೆಲವು ಏರ್ಪಾಡುಗಳು ನಿರಾಕರಣೆಯನ್ನು ಸೂಚಿಸುವ 403ನ್ನು ಕೊಟ್ಟರೆ, ಕೆಲವು ಎಲ್ಲ ಸರಿಯಿದೆಯೆಂಬ 200ರೊಡನೆಯೇ ಎಚ್ಚರಿಕೆಯ ಪುಟವನ್ನು ಕಳುಹಿಸುತ್ತವೆ. ಆದುದರಿಂದ ಎಚ್ಚರಿಕೆಯ ಪುಟದಲ್ಲಿ ಗುರುತಿನ ಒಂದು ವಾಕ್ಯವನ್ನಿಟ್ಟು, ಅದು ಬಂತೇ ಎಂದು ಹುಡುಕುವುದು ಲೇಸು.

ಈ ಒಂದು ಪ್ರಶ್ನೆಯ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಅನುಮತಿಯುಳ್ಳ ಒಂದು ಪುಟ, ಪಠ್ಯಪುಸ್ತಕದ ತಾಣವೋ ವಿಶ್ವಕೋಶವೋ, ತೆರೆಯುತ್ತಿದೆಯೇ? ಹೊರಗಿನ ಸಂಪರ್ಕವೇ ಕಡಿದಿದ್ದ ದಿನ ಯಾವ ಪುಟವೂ ತೆರೆಯದು. ಅಂದು ನಿಷಿದ್ಧ ಪುಟವು ತೆರೆಯಲಿಲ್ಲವೆಂಬುದು ಶೋಧಕದ ಹೆಗ್ಗಳಿಕೆಯಾಗಲಾರದು. ತಡೆಯಬೇಕಾದುದನ್ನು ತಡೆದು, ಬಿಡಬೇಕಾದುದನ್ನು ಬಿಟ್ಟಾಗ ಮಾತ್ರ ಶೋಧಕವು ದುಡಿಯುತ್ತಿದೆಯೆಂದು ಹೇಳಬಹುದು. ಈ ಇಬ್ಬಗೆಯ ಪರೀಕ್ಷೆಯನ್ನು ನಡೆಸಲು ನಾಗಿಯೋಸ್, ಮೋನಿಟ್ ಮುಂತಾದ ಮುಕ್ತ ತಂತ್ರಾಂಶಗಳಿವೆ. 1999ರಲ್ಲಿ ಬೇರೆ ಹೆಸರಿನಿಂದ ಹುಟ್ಟಿದ ನಾಗಿಯೋಸ್ ಇಂದಿಗೂ ಸಾವಿರಾರು ಸಂಸ್ಥೆಗಳಲ್ಲಿ ಇದೇ ಕೆಲಸವನ್ನು ಮಾಡುತ್ತಿದೆ. ಹಣ ಬೇಕಾಗಿಲ್ಲ, ಬೇಕಾದುದು ಒಬ್ಬ ತಿಳಿದವನ ಒಂದು ದಿನದ ಶ್ರಮ.

ಪರೀಕ್ಷೆ ಸೋತರೆ ಯಾರಿಗೆ ತಿಳಿಸಬೇಕೆಂಬುದು ಮುಂದಿನ ವಿಚಾರ. ಒಂದು ಸಲ ಸೋತ ಮಾತ್ರಕ್ಕೆ ಕೂಗೆಬ್ಬಿಸದೆ, ಎರಡು ಮೂರು ಸಲ ಸತತವಾಗಿ ಸೋತ ಮೇಲೆ ಸಂದೇಶ ಕಳುಹಿಸುವುದು ವಿವೇಕ. ಅಕಾರಣವಾದ ಎಚ್ಚರಿಕೆಗಳು ಪದೇಪದೇ ಬಂದರೆ ಮನುಷ್ಯನು ಅವನ್ನು ಓದುವುದನ್ನೇ ಬಿಡುತ್ತಾನೆ. ಸಂದೇಶವು ಹೆಸರು ಹಿಡಿದು ಒಬ್ಬರಿಗೆ ಹೋಗಬೇಕು; ಎಲ್ಲರಿಗೂ ಹೋದ ಸಂದೇಶವು ಯಾರಿಗೂ ಹೋಗದ ಸಂದೇಶಕ್ಕೆ ಸಮ. ಅದಕ್ಕಿಂತಲೂ ಮುಖ್ಯವಾಗಿ, ಪರೀಕ್ಷಿಸುವ ಕಾರ್ಯಕ್ರಮವೇ ನಿಂತುಹೋದರೇನು ಗತಿ ಎಂಬುದನ್ನು ಯೋಚಿಸಿರಬೇಕು. ಕೆಟ್ಟಾಗ ಮಾತ್ರ ಮಾತನಾಡುವ ಮೇಲ್ವಿಚಾರಕನ ಮೌನಕ್ಕೆ ಎರಡು ಅರ್ಥಗಳಿವೆ: ಎಲ್ಲವೂ ಕ್ಷೇಮವಾಗಿರಬಹುದು, ಮೇಲ್ವಿಚಾರಕನೇ ಇಲ್ಲದಿರಬಹುದು. ಆದುದರಿಂದ ಪ್ರತಿದಿನ ಬೆಳಗ್ಗೆ ‘ಪರೀಕ್ಷಿಸಿದ್ದೇನೆ, ಕ್ಷೇಮ’ ಎಂಬ ಒಂದು ಸಾಲು ಉಪಾಧ್ಯಾಯರ ಫೋನಿಗೆ ಬರುವಂತೆ ಮಾಡಿಟ್ಟು, ಆ ಸಾಲು ಬಾರದ ದಿನವನ್ನೇ ಎಚ್ಚರಿಕೆಯೆಂದು ಎಣಿಸಬೇಕು. ಸತ್ತ ಶೋಧಕವನ್ನು ತಾನಾಗಿ ಮತ್ತೆ ಎಬ್ಬಿಸುವ ವ್ಯವಸ್ಥೆಯೂ ಇಂದಿನ ಯಂತ್ರಗಳಲ್ಲಿದೆ. ಅದು ಇರಲಿ, ಆದರೆ ದಿನಕ್ಕೆ ಎಷ್ಟು ಸಲ ಎಬ್ಬಿಸಬೇಕಾಯಿತೆಂಬ ಲೆಕ್ಕವೂ ಇರಲಿ. ಹತ್ತು ಸಲ ಸತ್ತು ಹತ್ತು ಸಲ ಎದ್ದ ಶೋಧಕವು ನಡುವಣ ಹತ್ತು ಅಂತರಗಳಲ್ಲಿ ಏನನ್ನೂ ಕಾಯಲಿಲ್ಲವೆಂಬುದು ಆ ಲೆಕ್ಕದಿಂದಲೇ ಗೊತ್ತಾಗಬೇಕು.

ಶೋಧಕವು ಸತ್ತಾಗ ದಾರಿಯು ಮುಚ್ಚಬೇಕೇ, ತೆರೆದಿರಬೇಕೇ ಎಂಬುದನ್ನು ಯಂತ್ರಕ್ಕಾಗಲಿ ಯಂತ್ರವನ್ನು ಮಾರಿದವನಿಗಾಗಲಿ ಬಿಡದೆ ಊರಿನವರೇ ಮುಂಚಿತವಾಗಿ ನಿರ್ಧರಿಸಬೇಕು. ಮಕ್ಕಳ ಕೊಠಡಿಯಲ್ಲಿ ಮುಚ್ಚುವುದೇ ಸರಿ. ಒಂದು ಅವಧಿಯ ಪಾಠ ತಪ್ಪಿದರೆ ಮರುದಿನ ಮಾಡಿಕೊಳ್ಳಬಹುದು. 2022ರಲ್ಲಿ ಆರಂಭವಾದ ಗ್ರಾಮ ಒನ್ ಕೇಂದ್ರಗಳಂಥ ಕಡೆ ಸ್ಥಿತಿ ಬೇರೆ. ಪಿಂಚಣಿಗೋ ಪಹಣಿಗೋ ಮೈಲಿಗಟ್ಟಲೆ ನಡೆದು ಬಂದ ವೃದ್ಧರನ್ನು ಶೋಧಕದ ದೆಸೆಯಿಂದ ಬರಿಗೈಯಲ್ಲಿ ಕಳುಹಿಸುವುದು ನ್ಯಾಯವಲ್ಲ. ಒಂದೇ ಕಟ್ಟಡದಲ್ಲಿ ಎರಡೂ ಕೆಲಸ ನಡೆಯುತ್ತಿದ್ದರೆ ಮಕ್ಕಳ ಯಂತ್ರಗಳ ದಾರಿಯನ್ನೂ ದೊಡ್ಡವರ ಸೇವೆಯ ದಾರಿಯನ್ನೂ ಬೇರ್ಪಡಿಸುವುದೇ ಪರಿಹಾರ.

ಶೋಧಕದ ಮಿತಿಗಳನ್ನು ಮರೆಮಾಚಿ ಅದನ್ನು ಹೊಗಳುವುದು ಓದುಗರಿಗೆ ಬಗೆದ ದ್ರೋಹವಾದೀತು. ಇಂದಿನ ಪುಟಗಳಲ್ಲಿ ಬಹುತೇಕವು ಗೂಢಲಿಪಿಯಲ್ಲಿ ಸಾಗುವುದರಿಂದ, ವಿಶೇಷ ಏರ್ಪಾಡು ಮಾಡದ ಹೊರತು ಶೋಧಕಕ್ಕೆ ತಾಣದ ಹೆಸರು ಕಾಣುತ್ತದೆಯೇ ಹೊರತು ಪುಟದ ಒಳಗು ಕಾಣುವುದಿಲ್ಲ. ಪದಗಳನ್ನು ತೂಗುವ ತಕ್ಕಡಿಗೆ ತೂಗಲು ಏನೂ ದೊರೆಯುವುದಿಲ್ಲ. ದೊರೆತರೂ, ಆ ತೂಕದ ಪಟ್ಟಿಗಳು ಬಹುಮಟ್ಟಿಗೆ ಇಂಗ್ಲಿಷು ಮತ್ತು ಯೂರೋಪಿನ ಭಾಷೆಗಳಿಗಾಗಿ ಸಿದ್ಧವಾದವು. ಕನ್ನಡದ ಕೆಟ್ಟ ಮಾತು ಅವುಗಳ ಕಣ್ಣಿಗೆ ಬೀಳುವುದಿಲ್ಲ. ವಿಭಕ್ತಿ, ಸಂಧಿ, ಸಮಾಸಗಳಿಂದ ಒಂದೇ ಪದವು ಹತ್ತಾರು ರೂಪಗಳನ್ನು ತಾಳುವ ನಮ್ಮ ಭಾಷೆಗೆ ಪಟ್ಟಿಯನ್ನು ಕಟ್ಟುವುದೂ ಸುಲಭವಲ್ಲ. ಜೇಬಿನ ಫೋನಿನಲ್ಲಿ ಬರುವ ಜಾಲವಂತೂ ಶಾಲೆಯ ಪ್ರಾಕ್ಸಿಯನ್ನು ಹಾಯುವುದೇ ಇಲ್ಲ.

ಅತಿಯಾಗಿ ತಡೆಯುವುದೂ ಒಂದು ದೋಷವೇ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನ ನಿವಾಸಿಗಳು, ತಮ್ಮ ಊರ ಹೆಸರಿನ ಅಕ್ಷರಗಳ ನಡುವೆ ಒಂದು ಅಶ್ಲೀಲ ಪದವು ಅಡಗಿದೆಯೆಂಬ ಕಾರಣಕ್ಕೆ ಅಂತರ್ಜಾಲ ಸಂಸ್ಥೆಯೊಂದರಲ್ಲಿ ಖಾತೆ ತೆರೆಯಲಾರದೆಹೋದರು. 2008ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಹಲವು ಸೇವಾಸಂಸ್ಥೆಗಳು ವಿಕಿಪೀಡಿಯದ ಒಂದೇ ಒಂದು ಲೇಖನವನ್ನು ತಡೆಯಹೋಗಿ, ಆ ತಾಣದ ಸಂಚಾರವನ್ನೆಲ್ಲ ಕೆಲವೇ ಪ್ರಾಕ್ಸಿಗಳ ಮೂಲಕ ಹರಿಸಿದುದರಿಂದ, ಆ ದೇಶದ ಅನೇಕರು ಹೆಸರು ನೋಂದಾಯಿಸದೆ ಆ ವಿಶ್ವಕೋಶವನ್ನು ತಿದ್ದುವ ಅವಕಾಶವನ್ನೇ ಕೆಲವು ದಿನ ಕಳೆದುಕೊಂಡರು. ನಮ್ಮಲ್ಲಿಯೂ ಹತ್ತನೆಯ ತರಗತಿಯ ವಿದ್ಯಾರ್ಥಿನಿಯು ಜೀವಶಾಸ್ತ್ರದ ಸಂತಾನೋತ್ಪತ್ತಿಯ ಪಾಠಕ್ಕೋ ಸ್ತನದ ಕ್ಯಾನ್ಸರಿನ ವಿವರಕ್ಕೋ ಹುಡುಕಿದಾಗ ಶೋಧಕವು ಅಡ್ಡಬಂದರೆ ಅದು ರಕ್ಷಣೆಯಲ್ಲ, ವಿದ್ಯಾವಿಘ್ನ. ಅದಕ್ಕಾಗಿಯೇ ಪರೀಕ್ಷೆಯ ಎರಡನೆಯ ಪ್ರಶ್ನೆ, ಬಿಡಬೇಕಾದುದನ್ನು ಬಿಟ್ಟಿತೇ ಎಂಬುದು, ಮೊದಲನೆಯದರಷ್ಟೇ ಗೌರವಕ್ಕೆ ಅರ್ಹವಾದುದು. ಮಕ್ಕಳು ಏನೇನು ಹುಡುಕಿದರೆಂಬ ದಿನಚರಿಯನ್ನು ಕುತೂಹಲಕ್ಕಾಗಿ ಓದುವುದೂ ಸಲ್ಲದು. ಮೇಲ್ವಿಚಾರಣೆ ಬೇಕಾಗಿರುವುದು ಶೋಧಕದ ಮೇಲೆ, ಮಗುವಿನ ಮನಸ್ಸಿನ ಮೇಲಲ್ಲ.

ಕಾನೂನುಗಳು ಈ ವಿಷಯದಲ್ಲಿ ಏನು ಹೇಳುತ್ತವೆ? ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2017ರ ಆಗಸ್ಟಿನಲ್ಲಿ ತನ್ನ ಶಾಲೆಗಳಿಗೆ ಕಳುಹಿಸಿದ ಮಾರ್ಗಸೂಚಿಯಲ್ಲಿ ಶೋಧಕ ಮತ್ತು ಮೇಲ್ವಿಚಾರಣೆಯ ತಂತ್ರಾಂಶಗಳನ್ನು ಸ್ಥಾಪಿಸಬೇಕೆಂದು ತಿಳಿಸಿತು. ಹದಿನೆಂಟು ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ ಅವರ ವೈಯಕ್ತಿಕ ಮಾಹಿತಿಗೆ ವಿಶೇಷ ರಕ್ಷಣೆಯನ್ನು ವಿಧಿಸುವ ಅಧಿನಿಯಮವನ್ನು ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿತು. ಅಮೆರಿಕದಲ್ಲಿ 2000ದಲ್ಲಿ ಬಂದು 2003ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿದ ಮಕ್ಕಳ ಅಂತರ್ಜಾಲ ರಕ್ಷಣಾ ಶಾಸನದಲ್ಲಿ ಗಮನಿಸತಕ್ಕ ಒಂದು ಅಂಶವಿದೆ: ಸರ್ಕಾರದ ಸಹಾಯಧನವನ್ನು ಪಡೆಯುವ ಶಾಲೆಯು ರಕ್ಷಣೆಯ ಸಾಧನವನ್ನು ಹೊಂದಿದ್ದರೆ ಸಾಲದು, ಅದು ಕಾರ್ಯನಿರತವಾಗಿರುವಂತೆಯೂ ನೋಡಿಕೊಳ್ಳಬೇಕು. ನಮ್ಮ ಸುತ್ತೋಲೆಗಳಲ್ಲಿ ಸ್ಥಾಪಿಸಿ ಎಂಬ ಮಾತಿನ ಪಕ್ಕದಲ್ಲಿ ಪರೀಕ್ಷಿಸುತ್ತಿರಿ ಎಂಬ ಮಾತೂ ಬರಬೇಕು.

ಸುತ್ತೋಲೆ ಬರುವವರೆಗೆ ಕಾಯಬೇಕಾದುದಿಲ್ಲ. ಕರ್ನಾಟಕದ ಪ್ರತಿಯೊಂದು ಸರ್ಕಾರಿ ಶಾಲೆಗೂ ತಂದೆತಾಯಿಗಳೇ ಸದಸ್ಯರಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯುಂಟು. ಅರಿವು ಕೇಂದ್ರಗಳಿಗೆ ಗ್ರಾಮ ಪಂಚಾಯಿತಿಯುಂಟು. ಗೌಡಗೆರೆಯ ಹೋಬಳಿಯಲ್ಲಾಗಲಿ, ಪಾವಗಡದ ಗಡಿಯ ಹಳ್ಳಿಯಲ್ಲಾಗಲಿ, ಮುಂದಿನ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು ಮೂರು ಪ್ರಶ್ನೆಗಳನ್ನು ಕೇಳಲಿ: ಮಕ್ಕಳ ಗಣಕಯಂತ್ರಕ್ಕೆ ಶೋಧಕವಿದ್ದರೆ ಅದನ್ನು ಕೊನೆಯ ಬಾರಿ ಪರೀಕ್ಷಿಸಿದುದು ಯಾವ ದಿನ? ಪರೀಕ್ಷಿಸಿದುದು ಮಕ್ಕಳು ಕೂರುವ ಯಂತ್ರದಿಂದಲೋ, ಬೇರೆ ಕಡೆಯಿಂದಲೋ? ಅದು ನಿಂತರೆ ಯಾರ ಫೋನಿಗೆ ಸುದ್ದಿ ಬರುತ್ತದೆ? ಈ ಪ್ರಶ್ನೆಗಳನ್ನು ಕೇಳಲು ಯಂತ್ರಶಾಸ್ತ್ರದ ಪದವಿ ಬೇಕಿಲ್ಲ. ಮೂರಕ್ಕೂ ದಿನಾಂಕದೊಡನೆ, ಹೆಸರಿನೊಡನೆ ಉತ್ತರ ದೊರೆತ ಶಾಲೆಯಲ್ಲಿ ಶೋಧಕವಿದೆಯೆಂದು ನಂಬಬಹುದು. ಉತ್ತರ ದೊರೆಯದ ಶಾಲೆಯಲ್ಲಿ ಅದು ಇಲ್ಲವೆಂದೇ ಎಣಿಸಿ ಉಪಾಧ್ಯಾಯರೂ ತಂದೆತಾಯಿಗಳೂ ಮಕ್ಕಳ ಪಕ್ಕದಲ್ಲಿ ಕೂರತಕ್ಕದ್ದು.